ತವರಿಗೆ ಬಂದ ಹೊಳೆಯ ವೇಗ

ನೀರು ಏರುತ್ತಿದೆ ಎಂದರೆ ಜೋರಾಗಿ ಹರಿಯುತ್ತಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ನಮ್ಮ ಕಚೇರಿಯೂ ಹಾಗೇ ತಿಳಿದಿತ್ತು. ಅದು ಹಾಗಲ್ಲ ಎಂದು ತೋರಿಸುವುದಕ್ಕೆ ನನಗೆ ಒಂದಿಡೀ ಮಳೆಗಾಲ ಬೇಕಾಯಿತು.

ರಾಜ್ಯ ಒಂದಾದ ಹೊಸದರಲ್ಲಿ ನಾನು ರಸ್ತೆ, ಸೇತುವೆಗಳ ಕೆಲಸ ನೋಡುವ ಓವರ್‌ಸಿಯರ್ ಆಗಿದ್ದೆ. ಊರು ಶಿಕಾರಿಪುರ, ನಮ್ಮ ಎಂಜಿನಿಯರ್ ಸಾಹೇಬರ ಕಚೇರಿಯೂ ಅಲ್ಲೇ. ಕೆಲಸ ಮಾತ್ರ ಸೊರಬದ ಕಡೆ. ಕುಪ್ಪಗಡ್ಡೆಯಲ್ಲಿ ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ಸಾಕಷ್ಟು ನಡೆದರೆ ಒಂದು ಹಳ್ಳ ಸಿಗುತ್ತಿತ್ತು. ಬೇಸಿಗೆಯಲ್ಲಿ ಅದನ್ನು ಹಳ್ಳ ಎನ್ನುವುದೂ ಹೆಚ್ಚೇ; ಎತ್ತಿನ ಗಾಡಿಗಳು ಅದರೊಳಗೆ ಇಳಿದು ಆಚೆ ಹತ್ತಿ ಹೋಗುತ್ತಿದ್ದವು. ಮುಂದೆ ಅದು ವರದಾ ಹೊಳೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಅದರ ಗತ್ತೇ ಬೇರೆ. ಮಳೆ ನಿಂತು ಹೊಳವಾದಾಗ ತೆಪ್ಪದಲ್ಲಿ ದಾಟುವ ಧೈರ್ಯವಂತರು ಒಬ್ಬಿಬ್ಬರು ಇದ್ದರು. ನೀರು ಏರಿತೆಂದರೆ ಅವರೂ ಮನೆಯಲ್ಲೇ. ಆಗ ಈಚೆ ದಡದ ಊರು ಆಚೆ ದಡದ ಊರಿನೊಂದಿಗೆ ಏನಾದರೂ ಹೇಳಬೇಕಿದ್ದರೆ ಕೂಗಿಯೇ ಹೇಳಬೇಕಿತ್ತು.

ಎರಡೂ ಊರಿನವರು ಸೇತುವೆ ಕೇಳಿದ್ದರು. ಹಿಂದಿನ ವರ್ಷಗಳಲ್ಲಿ ನಮ್ಮವರು ಹಳ್ಳದಲ್ಲಿ ಅಳತೆಯ ಕಂಬ ನೆಟ್ಟು, ದೋಣಿಯಿಂದ ಮೀಟರು ಇಳಿಸಿ ನೀರಿನ ವೇಗ ಅಳೆದು, ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂದು ಒಂದು ಪಟ್ಟಿ ಮಾಡಿಟ್ಟಿದ್ದರು. ಆಮೇಲೆ ದೋಣಿ ಬೇಕಿಲ್ಲ. ಕಂಬ ನೋಡಿದರಾಯಿತು, ಪಟ್ಟಿ ಹರಿವು ಹೇಳುತ್ತದೆ. ಮಳೆಗಾಲದ ಅತಿ ಎತ್ತರದ ಮಟ್ಟಕ್ಕೆ ಆ ಪಟ್ಟಿ ಹೇಳಿದ ಹರಿವು ನೋಡಿ ಸಾಹೇಬರು ಹುಬ್ಬೇರಿಸಿದರು. ಗಾಡಿ ಇಳಿದು ಹತ್ತುವ ಹಳ್ಳಕ್ಕೆ ತುಂಗಭದ್ರೆಗೆ ಕಟ್ಟುವಂಥ ಸೇತುವೆ ಬೇಕಾಗಿತ್ತು. ಅಂಥದ್ದು ಮಂಜೂರಾಗುವ ಮಾತೇ ಇರಲಿಲ್ಲ.

"ಇದೊಂದು ಮಳೆಗಾಲ ನೀವು ಅಳೆದು ನೋಡಿ" ಎಂದರು ಸಾಹೇಬರು. ಅವರು ಮೈಸೂರಿನ ಕಡೆಯವರು, ಮಾತು ಕಡಿಮೆ, ಕೆಲಸದಲ್ಲಿ ಬಿಗಿ. "ಲೆಕ್ಕ ಹೀಗೇ ಬಂದರೆ ಈ ಜಾಗದ ಫೈಲು ಮುಚ್ಚಿಬಿಡೋಣ ಕಣ್ರೀ."

ನಾನು ಈಚೆ ದಡದ ಪಟೇಲರ ಮನೆಯ ಜಗಲಿಯಲ್ಲಿ ಬಿಡಾರ ಹೂಡಿದೆ. ಪಟೇಲರು ಸಾಧು ಮನುಷ್ಯ. ಮನೆಯ ಯಜಮಾನಿಕೆಯೆಲ್ಲ ಅವರ ಹೆಂಡತಿಯದು. ಊರಿನವರು ಅವರನ್ನು ಗೌಡತಿ ಎನ್ನುತ್ತಿದ್ದರು. ಮೊದಲ ದಿನವೇ ಆಕೆ ನನ್ನನ್ನು ದಡಕ್ಕೆ ಕರೆದುಕೊಂಡು ಹೋಗಿ ಆಚೆ ಕೈ ತೋರಿಸಿದರು.

"ಅಗಾ, ಆ ಹೆಂಚಿನ ಮನೆ ಕಾಣ್ತದಲ್ಲ, ಅದೇ ನನ್ನ ಮಗಳ ಮನೆ. ಹೋದ ಮಳೆಗಾಲದಾಗೆ ಚೊಚ್ಚಲ ಬಾಣಂತನಕ್ಕೆ ಕರ್ಕಂಡು ಬರಾಣ ಅಂತ ದಿನ ನೋಡಿದ್ವಿ. ಅಷ್ಟ್ರಾಗೆ ನೀರು ಬಂತು. ಅಳಿಯ ಆ ದಡದಾಗೆ ನಿಂತು ಕೂಗಿ ಹೇಳಿದ, ಹೆಣ್ಣು ಮಗು ಅಂತ. ನಾನು ಇಲ್ಲೇ ನಿಂತು ಕೇಳಿದೆ." ಆಮೇಲೆ ನನ್ನ ಕಡೆ ತಿರುಗಿ, "ನೀವೂ ಅಳದು ಬರಕಂಡು ಹೋಗೋರೋ, ಇಲ್ಲ ಕಟ್ಟೋರೋ?" ಎಂದು ಕೇಳಿದರು.

"ಕಟ್ಟೋದಕ್ಕೇ ಬಂದೀನ್ರೀ ಅವ್ವಾ" ಎಂದೆ. ಅಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನನಗೆ ಕಾರಣವಿತ್ತು.

ಅಲ್ಲಿಗೆ ಬರುವ ಮುಂಚೆ ನನ್ನನ್ನು ಕರಾವಳಿಗೆ ಹಾಕಿದ್ದರು. ಹೊಳೆ ಸಮುದ್ರ ಸೇರುವ ಅಳಿವೆಯೊಂದರಲ್ಲಿ ದೋಣಿಗಟ್ಟೆಗಾಗಿ ಸೆಳವು ಅಳೆಯುವ ಕೆಲಸ. ಬಯಲುಸೀಮೆಯ ಅಂಚಿನವನಾದ ನಾನು ಅಲ್ಲಿ ಮೊದಲ ಸಲ ಹೊಳೆ ಹಿಂದಕ್ಕೆ ಹರಿಯುವುದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಉಬ್ಬರದಲ್ಲಿ ಸಮುದ್ರದ ನೀರು ಹೊಳೆಯೊಳಗೆ ನುಗ್ಗುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಸೆಳವು ಜೋರಾಗಿರುವುದು ನೀರು ಅರ್ಧ ಏರಿದಾಗ, ಅರ್ಧ ಇಳಿದಾಗ. ಕಂಬದ ಮೇಲೆ ಮಟ್ಟ ತುತ್ತತುದಿಗೆ ಬಂದಾಗ ಆ ಅಳಿವೆಯಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಬಿಡುತ್ತಿತ್ತು. ಇನ್ನೊಂದನ್ನೂ ಅಲ್ಲಿ ಕಲಿತೆ. ಸೆಳವು ತಿರುಗುವಾಗ ಹೊಳೆಯ ಅಗಲಕ್ಕೂ ಒಟ್ಟಿಗೆ ತಿರುಗುವುದಿಲ್ಲ. ದಡದ ತೆಳುನೀರು ಮೊದಲು ತಿರುಗುತ್ತದೆ. ನಡುವಿನ ಆಳದ ನೀರು ಓಡುತ್ತಿದ್ದ ರಭಸದಲ್ಲಿ ಇನ್ನಷ್ಟು ಹೊತ್ತು ಹಳೆಯ ದಿಕ್ಕಿಗೇ ಹೋಗುತ್ತಿರುತ್ತದೆ. ಒಳಗೆ ಬರುವ ಬೆಸ್ತರು ಆ ಹೊತ್ತಿನಲ್ಲಿ ದಡ ಹಿಡಿದೇ ದೋಣಿ ತರುತ್ತಿದ್ದರು.

ಸಮುದ್ರವಿಲ್ಲದ ಸೊರಬದಲ್ಲಿ ಉಬ್ಬರ ಎಲ್ಲಿಂದ ಬರಬೇಕು? ವರದೆಯಿಂದ ಬರಬಹುದು ಎಂದು ನನ್ನ ಗುಮಾನಿ. ವರದೆಯ ಮೇಲ್ಭಾಗದಲ್ಲಿ ದೊಡ್ಡ ಮಳೆಯಾಗಿ ಹೊಳೆ ತುಂಬಿ ಬಂದರೆ, ಈ ಹಳ್ಳದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಹೊಳೆಯೇ ಹಳ್ಳದೊಳಗೆ ಹಿಂದಕ್ಕೆ ನುಗ್ಗಿ ಗದ್ದೆಬಯಲನ್ನೆಲ್ಲ ತುಂಬಬೇಕು. ಹಾಗಾದರೆ ಕಂಬದ ಮೇಲಿನ ಆ ಎತ್ತರದ ಮಟ್ಟ ಹರಿಯುವ ನೀರಿನದಲ್ಲ, ತುಂಬಿ ನಿಂತ ನೀರಿನದು. ಸೇತುವೆ ಎತ್ತರವಾಗಿರಬೇಕು, ಉದ್ದವಾಗಿರಬೇಕಿಲ್ಲ. ಇದನ್ನು ತೋರಿಸುವುದು ಸುಲಭ, ನೀರು ಏರುವ ದಿನ ದೋಣಿ ಇಳಿಸಿ ಮೀಟರು ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ.

ಆ ದಿನ ಬಂತು. ಹಳ್ಳದ ಊರಲ್ಲಿ ಬರೀ ಜಿಟಿಜಿಟಿ, ಆದರೂ ಹಳ್ಳ ಕಂಬದ ಮೇಲೆ ಏರುತ್ತಿತ್ತು. ನಾನು ಉತ್ಸಾಹದಿಂದ ಕಚೇರಿಯ ದೋಣಿಯ ಹಗ್ಗ ಬಿಚ್ಚುವಷ್ಟರಲ್ಲಿ ಊರಿನ ಗಂಡಸರು ಬಂದು ದೋಣಿಯನ್ನು ಎತ್ತಿ ದಡದ ಮೇಲೆ ಬೋರಲು ಹಾಕಿದರು. ಹಿಂದೆಯೇ ಹೆಂಗಸರು ಬಾಗಿನ ಹೊತ್ತುಕೊಂಡು ಬಂದರು. ಒಂದು ಮೊರದೊಳಗೆ ಅರಿಸಿನ, ಕುಂಕುಮ, ಬಳೆ, ಧಾನ್ಯ ಇಟ್ಟು ಇನ್ನೊಂದು ಮೊರ ಮುಚ್ಚಿ ಕಟ್ಟಿದ ಬಾಗಿನ.

"ವರದಮ್ಮ ತವರಿಗೆ ಬಂದಾಳೆ" ಎಂದರು ಗೌಡತಿ. "ಅವಳು ಬಂದು, ಇದ್ದು, ವಾಪಸ್ ಹೊರಡೋ ತನಕ ಈ ನೀರಿಗೆ ಯಾರೂ ದೋಣಿ ಹಾಕಂಗಿಲ್ಲ, ಕೋಲು ಹಾಕಂಗಿಲ್ಲ."

"ಸರ್ಕಾರಿ ಕೆಲಸ ಐತ್ರೀ ಅವ್ವಾ."

"ಅದೇ ನಾನೂ ಹೇಳದು. ಬಸುರಿಯೋ ಬಾಣಂತಿಯೋ, ತವರಿಗೆ ಬಂದ ಹೆಣ್ಮಗಳನ್ನ ಕೆಲಸಕ್ಕೆ ಹಚ್ತಾರನ್ರೀ ಯಾರಾದ್ರೂ?"

ಸಿಟ್ಟು ನೆತ್ತಿಗೇರಿತ್ತು, ಆದರೆ ನಿಂತಲ್ಲೇ ಒಂದು ವಿಷಯ ಹೊಳೆದು ಸಿಟ್ಟು ಇಳಿಯಿತು. ನನಗಿಂತ ಮುಂಚೆ ಬಂದವರ ದೋಣಿಯನ್ನೂ ಇವರು ಹೀಗೇ ಬೋರಲು ಹಾಕಿರಬೇಕು. ಅಂದರೆ ಆ ಪಟ್ಟಿಯಲ್ಲಿರುವ ಅಳತೆಗಳೆಲ್ಲ ಹೊಳೆ ವಾಪಸ್ ಹೊರಟ ಮೇಲಿನವು, ನೀರು ಹೊರಗೆ ಓಡುವ ದಿನಗಳವು. ಏರುವ ದಿನ ಒಬ್ಬರೂ ಅಳೆದಿಲ್ಲ. ಓಡುವ ನೀರಿನಿಂದ ಮಾಡಿದ ಪಟ್ಟಿಯಲ್ಲಿ ನಿಂತ ನೀರಿನ ಹರಿವನ್ನು ಹುಡುಕುತ್ತಾ ಕೂತಿದ್ದೆವು. ಪಟೇಲರನ್ನು ಕೇಳಿದೆ. "ಹೌದ್ರೀ, ಅವರಿಗೂ ಬಿಟ್ಟಿರಲಿಲ್ಲ" ಎಂದರು.

ಹೆಂಗಸರು ದಡದಿಂದ ಬಾಗಿನಗಳನ್ನು ತೇಲಿಬಿಟ್ಟರು. ನಾನು ಹೊತ್ತು ಎಣಿಸುವ ನಿಲುಗಡಿಯಾರ ಹಿಡಿದು ನೋಡುತ್ತಿದ್ದೆ. ಮೊರಗಳು ಒಂದರ ಹಿಂದೊಂದು ಹಳ್ಳದ ಮೇಲ್ಭಾಗಕ್ಕೆ, ಹಳ್ಳ ಹರಿಯುವ ದಿಕ್ಕಿಗೆ ಎದುರಾಗಿ ಹೊರಟವು. ಖುಷಿಯಿಂದ ಕುಣಿಯುವುದೊಂದು ಬಾಕಿ.

ಮರುದಿನವೇ ಕುಪ್ಪಗಡ್ಡೆಗೆ ನಡೆದು, ಬಸ್ಸು ಹಿಡಿದು ಶಿಕಾರಿಪುರಕ್ಕೆ ಹೋದೆ. ಸಾಹೇಬರು ಪೂರ್ತಿ ಕೇಳಿದರು. ನಗಲಿಲ್ಲ, ಅಷ್ಟು ಪುಣ್ಯ.

"ಮೊರ ಎಷ್ಟು ಆಳ ಮುಳುಗಿರುತ್ತೆ?"

"ನಾಲ್ಕು ಬೆರಳು ಇರಬಹುದು ಸರ್."

"ಉಳಿದದ್ದು ಗಾಳಿಗೆ. ಆಚೆ ಈಗ ಗಾಳಿ ಯಾವ ಕಡೆಯಿಂದ?"

ಗಾಳಿ ಹಳ್ಳ ವರದೆಯನ್ನು ಸೇರುವ ಬಾಯಿಯ ಕಡೆಯಿಂದಲೇ ಬೀಸುತ್ತಿತ್ತು. ಒಪ್ಪಿಕೊಂಡೆ.

"ಮತ್ತೆ ದಡದಿಂದ ಬಿಟ್ಟದ್ದು ದಡದ ಪಕ್ಕವೇ ಹೋಗಿದೆ. ದಡದಲ್ಲಿ ಸುಳಿ ತಿರುಗಿ ಹಿಂದಕ್ಕೆ ಬರೋದು ಯಾವ ಹೊಳೆಯಲ್ಲಾದರೂ ಇರುತ್ತೆ. ನಡುನೀರಿನಲ್ಲಿ, ಆಳದ ತನಕ ತೋರಿಸಿ, ಒಪ್ತೀನಿ. ಇನ್ನೊಂದು ಸಲ ನೀರು ಬಂದರೆ ಹೇಳಿಕಳಿಸಿ, ನಾನೇ ಬರ್ತೀನಿ. ಬೇಕಿದ್ದರೆ ತಾಲ್ಲೂಕು ಕಚೇರಿಗೆ ಹೇಳಿ ಇಬ್ಬರು ಪೋಲೀಸರನ್ನ ಕೊಡಿಸ್ತೀನಿ, ದೋಣಿ ಇಳಿಸಿ."

ಅವರು ಎತ್ತಿದ ಎರಡು ಪ್ರಶ್ನೆಗಳೂ ಸರಿಯೇ. ಪೋಲೀಸರ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಯಾರಿಗಾಗಿ ಸೇತುವೆಯೋ ಅವರ ಎದೆಯ ಮೇಲೆ ಕಾಲಿಟ್ಟು ಅಳೆಯುವುದು ಯಾವ ಕೆಲಸ? ವಾಪಸ್ ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ದೋಣಿ ಬೇಡ. ಆ ನೀರಿನಲ್ಲಿ ಊರವರು ಏನನ್ನು ಬಿಡುತ್ತಾರೋ ಅದರಿಂದಲೇ ಅಳೆಯುತ್ತೇನೆ.

ಬೇಕಾಗಿದ್ದು ನೀರೊಳಗೆ ನೆಟ್ಟಗೆ ನಿಂತು ತೇಲುವ ವಸ್ತು. ತಲೆ ಮಾತ್ರ ಮೇಲಿದ್ದರೆ ಗಾಳಿಗೆ ಸಿಗುವುದಿಲ್ಲ, ಮೈಯೆಲ್ಲ ಆಳದ ನೀರಿನ ಜೊತೆ ಹೋಗುತ್ತದೆ. ಬಾಳೆದಿಂಡು ಇದಕ್ಕೆ ಹೇಳಿ ಮಾಡಿಸಿದ್ದು. ಬುಡಕ್ಕೆ ಭಾರ ಕಟ್ಟಿದರೆ ನಿಲ್ಲುತ್ತದೆ. ಗೌಡತಿಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ದಿಂಡಿನ ತಲೆಯ ಮೇಲೆ ದೀಪ ಹಚ್ಚಿಡೋಣ, ಪೂಜೆಯೂ ಆಯಿತು, ಅಳತೆಯೂ ಆಯಿತು ಎಂದೆ.

"ದೀಪ ಸರಿ. ಬುಡಕ್ಕೆ ಎಂತದು ಕಟ್ತೀರಿ?"

"ಕಲ್ಲು."

ಆಕೆ ಕೂತಲ್ಲಿಂದ ಎದ್ದೇ ಬಿಟ್ಟರು. "ತವರಿಗೆ ಬಂದೋಳ ಮಡಿಲಿಗೆ ಕಲ್ಲು ಹಾಕದಾ? ಶಿಕಾರಿಪುರದ ಕಡೆ ಹಂಗೆ ಮಾಡ್ತಾರನ್ರೀ?"

ತಪ್ಪಾಯಿತು ಎಂದು ಕೈಮುಗಿದೆ. ಒಳಗೆ ಹೋದವರು ಸ್ವಲ್ಪ ಹೊತ್ತಿನ ಮೇಲೆ ಒಂದು ಬಟ್ಟೆಯ ಗಂಟು ತಂದು ನನ್ನ ಮುಂದೆ ಧೊಪ್ಪೆಂದು ಇಟ್ಟರು. "ಭಾರ ಆದ್ರೆ ಆತಲ್ಲ ನಿಮಗೆ? ಮಡಿಲಕ್ಕಿ ಕಟ್ಟಿ."

ತವರಿಗೆ ಬಂದ ಹೆಣ್ಣುಮಗಳು ಹೊರಡುವಾಗ ಸೆರಗಿಗೆ ಹಾಕುವ ಅಕ್ಕಿ ಅದು. ನಾನು ಗಂಟನ್ನು ಕೈಯಲ್ಲಿ ತೂಗಿ ನೋಡಿದೆ. ನೆನೆದ ಅಕ್ಕಿ ನೀರಿನಲ್ಲಿ ಮುಳುಗುತ್ತದೆ, ಬಟ್ಟೆಯಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಕಲ್ಲಿಗಿಂತ ವಾಸಿ, ಒಂದು ಹಿಡಿ ಹೆಚ್ಚು ಮಾಡಬಹುದು, ಒಂದು ಹಿಡಿ ಕಡಿಮೆ ಮಾಡಬಹುದು. ಇಷ್ಟು ಒಳ್ಳೆಯ ಭಾರ ನನಗೆ ಯಾವ ಉಗ್ರಾಣದಲ್ಲೂ ಸಿಕ್ಕಿರಲಿಲ್ಲ.

ಊರ ಕೆರೆಯಲ್ಲಿ ಪ್ರಯೋಗ ಶುರುವಾಯಿತು. ಮೊದಲ ದಿಂಡು ಅಡ್ಡಬಿದ್ದು ಮೊಸಳೆಯಂತೆ ತೇಲಿತು. ಅಕ್ಕಿ ಹೆಚ್ಚಿಸಿದೆ. ಎರಡನೆಯದು ನೆಟ್ಟಗೆ ನಿಂತು, ಎಲ್ಲರೂ ಭೇಷ್ ಎನ್ನುವಷ್ಟರಲ್ಲಿ ದೀಪದ ಸಮೇತ ಬುಳಕ್ಕೆಂದು ಮುಳುಗಿತು. ಕೆರೆದಂಡೆಯಲ್ಲಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೆರೆಯಮ್ಮ ಉಂಡ್ಲು, ಇನ್ನೊಂದು ಬಡಿಸ್ರೀ ಓವರ್ಸೀರ್ರೇ" ಎಂದು ಒಬ್ಬಾಕೆ ಕೂಗಿದಳು. ನಾನೂ ನಕ್ಕೆ, ಮತ್ತೆ ಅಕ್ಕಿ ಕಡಿಮೆ ಮಾಡಿದೆ. ದಿಂಡು ಹಸಿಯಿದ್ದಷ್ಟೂ ಅಕ್ಕಿ ಕಡಿಮೆ ಸಾಕು, ತೀರ ಬಲಿತ ದಿಂಡು ಬೇಡ, ಗಂಟನ್ನು ಮುಂಚೆಯೇ ನೆನೆಸಿಡಬೇಕು. ಹೀಗೆ ಒಂದೊಂದಾಗಿ ತಿದ್ದಿಕೊಂಡು ಕೊನೆಗೆ ದಿಂಡುಗಳು ಹೇಳಿದ ಮಾತು ಕೇಳತೊಡಗಿದವು.

ಉಳಿದದ್ದು ಅವನ್ನು ನಡುನೀರಿಗೆ ಮುಟ್ಟಿಸುವುದು. ಹಳ್ಳ ಇಳಿದಿದ್ದಾಗಲೇ ಎರಡು ದಡದ ಮರಗಳಿಗೆ ಎತ್ತರದಲ್ಲಿ ಹಗ್ಗ ಎಳೆದು ಕಟ್ಟಿದೆವು. ಆಚೆ ದಡದಲ್ಲಿ ಅದನ್ನು ಬಿಗಿದವನು ಗೌಡತಿಯ ಅಳಿಯನೇ. ಹಗ್ಗದ ಮೇಲೆ ಬಾವಿಯ ರಾಟೆಯೊಂದನ್ನು ಓಡಿಸಿ, ಅದರಿಂದ ದಿಂಡನ್ನು ಜಾರುಗಂಟಿನಲ್ಲಿ ತೂಗುಬಿಡುವುದು. ಬೇಕಾದ ಕಡೆ ಬಂದಾಗ ಎಳೆದರೆ ಗಂಟು ಬಿಚ್ಚಿ ದಿಂಡು ನೀರಿಗೆ ಇಳಿಯುತ್ತದೆ. ಹಗ್ಗ ನೀರು ಮುಟ್ಟಕೂಡದು ಎಂದು ಗೌಡತಿ ಕರಾರು ಹಾಕಿದ್ದರು. ಅದು ನನಗೂ ಅನುಕೂಲವೇ ಆಗಿತ್ತು. ಹಗ್ಗದಿಂದ ಹಳ್ಳದ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು ದಡದ ಮೇಲೆ ಗಡಿಗೂಟ ನೆಟ್ಟು, ದಿಂಡು ಒಂದು ಗೂಟದಿಂದ ಇನ್ನೊಂದಕ್ಕೆ ಹೋಗುವ ಹೊತ್ತು ನೋಡುವುದೆಂದಾಯಿತು.

ಆಮೇಲೆ ಕಾಯುವುದು. ಆ ಮಳೆಗಾಲ ವರದೆ ಇನ್ನೊಮ್ಮೆ ಬಾರದೆ ಹೋದರೆ ಫೈಲು ಮುಚ್ಚುತ್ತಿತ್ತು. ಗೌಡತಿಯ ಮಗಳು ಮತ್ತೆ ಬಸುರಿ ಎಂಬ ಸುದ್ದಿ ತೆಪ್ಪದವನ ಬಾಯಲ್ಲಿ ಬಂದದ್ದು ಆಗಲೇ. ಈ ಸಲದ ಹೆರಿಗೆ ಬೇಸಿಗೆಯಲ್ಲೇ, ಚಿಂತೆಯಿಲ್ಲ. ಆದರೆ ಅದರ ಮುಂದಿನ ಹೆರಿಗೆ ಯಾವ ತಿಂಗಳಿಗೆ ಬೀಳುತ್ತದೆಂದು ಯಾರಿಗೆ ಗೊತ್ತು ಎಂದು ಆಕೆ ಜಗಲಿಯ ಕಂಬಕ್ಕೆ ಒರಗಿ ಹೇಳಿದ್ದು ನನಗೆ ಕೇಳಿಸಿತು. ನನಗೆ ಹೇಳಿದ್ದಲ್ಲ, ಸುಮ್ಮನೆ ತಮಗೇ ಹೇಳಿಕೊಂಡದ್ದು.

ವರದೆ ಬಂದಳು. ಹೊಳೆ ತುಂಬುತ್ತಿದೆ ಎಂಬ ಸುದ್ದಿ ಬಂದಾಗಲೇ ಪಟೇಲರು ಸೊರಬಕ್ಕೆ ಸೈಕಲ್ಲಿನಲ್ಲಿ ಆಳು ಕಳಿಸಿ ಸಾಹೇಬರಿಗೆ ತಂತಿ ಕೊಡಿಸಿದರು. ಸಾಹೇಬರು ಜೀಪು ಕೆಸರಿನಲ್ಲಿ ಹೂತುಹೋದ ಕಡೆಯಿಂದ ಕೊಡೆ ಹಿಡಿದು ನಡೆದೇ ಬಂದರು. ಎರಡೂ ದಡಗಳಲ್ಲಿ ಊರೇ ನೆರೆದಿತ್ತು. ಹೆಂಗಸರು ಎಂದಿನಂತೆ ಬಾಗಿನ ಬಿಟ್ಟರು. ಅವು ಎಂದಿನಂತೆ ಮೇಲಕ್ಕೆ ಹೊರಟವು. ಸಾಹೇಬರು ಕೊಡೆಯನ್ನು ಗಾಳಿಯ ಕಡೆ ತೋರಿಸಿ ನನ್ನ ಮುಖ ನೋಡಿದರು.

ಮೊದಲ ದಿಂಡನ್ನು ದಡದ ಬಳಿ ಇಳಿಸಿದೆವು. ಅದು ನೆಟ್ಟಗೆ ನಿಂತು, ನಿಧಾನವಾಗಿ ಮೇಲಕ್ಕೆ ಹೊರಟಿತು. ಹೆಂಗಸರ ಗುಂಪಿನಿಂದ ಉಸಿರು ಬಿಟ್ಟ ಸದ್ದು. ಎರಡನೆಯದನ್ನು ರಾಟೆಯಲ್ಲಿ ನಡುನೀರಿಗೆ ಒಯ್ದು ಗಂಟು ಎಳೆದೆ. ಅದು ನೀರಿಗೆ ಬಿದ್ದು, ಎದ್ದು, ಒಮ್ಮೆ ತಿರುಗಿ, ಕೆಳಕ್ಕೆ, ವರದೆಯ ಕಡೆಗೇ ಹೊರಟಿತು.

ಎರಡೂ ದಡದವರು ಕತ್ತು ಚಾಚಿ ಅದು ಹೋದ ಕಡೆಯೇ ನೋಡಿದರು.

"ಹೇಳಿದ್ನಲ್ಲ" ಎಂದರು ಸಾಹೇಬರು. ಗೆದ್ದ ದನಿಯಲ್ಲ, ಪಾಪ, ಅವರಿಗೂ ಬೇಸರವಾದ ಹಾಗಿತ್ತು. "ದಡದಲ್ಲಿ ಸುಳಿ. ನಡುನೀರು ಹೊರಗೇ ಹೋಗ್ತಿದೆ."

ಗೌಡತಿ ನನ್ನತ್ತ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ, ಇವನೂ ಅಷ್ಟೇ ಎಂಬಂತಿತ್ತು. ನನಗೂ ಒಂದು ಕ್ಷಣ ಅನುಮಾನ ಬಂತು, ಸುಳ್ಳೇಕೆ. ಆದರೆ ಅಳಿವೆಯಲ್ಲಿ ಬೆಸ್ತರು ದಡ ಹಿಡಿದು ಬರುತ್ತಿದ್ದುದು ಕಣ್ಣ ಮುಂದೆ ನಿಂತಿತು.

"ಸರ್, ಆತುರ ಬೇಡ್ರಿ. ಅಂಚು ಮೊದಲು ತಿರುಗ್ತೈತಿ, ನಡುವಿನದು ಆಮೇಲೆ. ಇದು ಈಗಷ್ಟೇ ತಿರುಗ್ತಾ ಇರೋ ನೀರು. ಕೂಡ್ರಿ."

ಪಟೇಲರು ಕಂಬಳಿ ಹಾಸಿದರು. ಸಾಹೇಬರು ಕೂತರು. ಒಂದೊಂದಾಗಿ ನಡುನೀರಿಗೆ ದಿಂಡು ಇಳಿಸುತ್ತಾ ಹೋದೆ. ಮೂರನೆಯದು ಕೆಳಕ್ಕೇ ಹೋಯಿತು, ಆದರೆ ಮೊದಲಿನಷ್ಟು ಬೇಗ ಹೋಗಲಿಲ್ಲ. ನಿಲುಗಡಿಯಾರ ತೋರಿಸಿದೆ, ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. ಅದರ ಮುಂದಿನದು ಕೆಳಗಿನ ಗೂಟದ ತನಕವೂ ಹೋಗಲಿಲ್ಲ. ಅರ್ಧದಲ್ಲಿ ನಿಂತು, ತಲೆಯ ಮೇಲಿನ ದೀಪ ಆರಿದರೂ ಅಲ್ಲೇ ತೂಗುತ್ತಾ ಇತ್ತು. ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ನಿಂತಿದ್ದ ಆ ದಿಂಡು ಯಾರೋ ಕರೆದ ಹಾಗೆ ಮೆಲ್ಲಗೆ ತಿರುಗಿ ಹಗ್ಗದ ಕಡೆಗೆ ಬರತೊಡಗಿತು. ಹಗ್ಗದ ಕೆಳಗೆ ಹಾದು ಮೇಲಿನ ಗೂಟವನ್ನೂ ದಾಟಿತು.

ಆಚೆ ದಡದಿಂದ ಅಳಿಯ ಹೋ ಎಂದು ಕೂಗಿದ. ಗೌಡತಿ ಕೂಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದು ಬಿಡ್ರೀ, ನೋಡಾಣ" ಎಂದರು.

ಇನ್ನೊಂದಲ್ಲ, ಕಡಿದು ತಂದ ದಿಂಡೆಲ್ಲ ಮುಗಿಯುವ ತನಕ ಬಿಟ್ಟೆವು. ಎಲ್ಲವೂ ಗಾಳಿಗೆ ತಲೆಯಷ್ಟನ್ನೇ ಕೊಟ್ಟು ಮೇಲಕ್ಕೆ ನಡೆದವು. ಸಂಜೆಯ ಹೊತ್ತಿಗೆ ಅವುಗಳ ನಡಿಗೆ ಸಣ್ಣದಾಗುತ್ತಾ ಬಂತು, ನೀರು ಮಾತ್ರ ಕಂಬದ ಮೇಲೆ ಏರುತ್ತಲೇ ಇತ್ತು. ಕೊನೆಯ ದಿಂಡು ಬಿಟ್ಟಾಗ ಮಟ್ಟ ಹಿಂದಿನ ವರ್ಷದ ಗುರುತನ್ನು ಮುಟ್ಟಿತ್ತು. ದಿಂಡು ಇದ್ದಲ್ಲೇ ಇತ್ತು.

ಸಾಹೇಬರು ಕಂಬವನ್ನು ನೋಡಿದರು, ದಿಂಡನ್ನು ನೋಡಿದರು. "ಪಟ್ಟಿ ಪ್ರಕಾರ ಈಗ ಹಳ್ಳದಲ್ಲಿ ಎಷ್ಟು ಹರಿವು?"

"ಸೇತುವೆ ಕೊಚ್ಚಿಹೋಗುವಷ್ಟು ಸರ್."

"ದಿಂಡಿನ ಪ್ರಕಾರ?"

"ಸೊನ್ನೆ."

ಅವರು "ಆ ಪಟ್ಟಿಗೆ ರುಜು ಹಾಕಿದವನು ನಾನೇ ಕಣ್ರೀ" ಎಂದು ಜೋರಾಗಿ ನಕ್ಕುಬಿಟ್ಟರು. ಅಷ್ಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿ ಆ ನಗು ಕೇಳಿದ್ದು ಅದೊಂದೇ ಸಲ.

ವರದೆ ವಾಪಸ್ ಹೊರಟ ಮೇಲೆ ಊರವರೇ ದೋಣಿಯನ್ನು ನೆಟ್ಟಗೆ ಮಾಡಿ ನೀರಿಗೆ ತಳ್ಳಿಕೊಟ್ಟರು. ಹೊರಗೆ ಓಡುವ ನೀರಿನ ವೇಗವನ್ನು ಮೀಟರಿನಿಂದಲೇ ಅಳೆದೆ. ಹಳ್ಳದಿಂದ ನಿಜವಾಗಿ ಹೊರಬೀಳುವ ಹರಿವು ಪಟ್ಟಿ ಹೆದರಿಸಿದ್ದರ ಹತ್ತಿರಕ್ಕೂ ಬರಲಿಲ್ಲ. ಚಿಕ್ಕ ಸೇತುವೆ ಸಾಕು, ಎತ್ತರ ಮಾತ್ರ ಬಿಡುವಂತಿಲ್ಲ. ನಕ್ಷೆ ಬರೆಯುವಾಗ ನಾನು ಒಂದು ವಿಷಯಕ್ಕೆ ಹಟ ಹಿಡಿದೆ. ಸೇತುವೆಯ ಕಂಬಗಳಿಗೆ ನೀರು ಬರುವ ಕಡೆ ಮೂಗಿನಂತೆ ಚೂಪಾಗಿ ಕಲ್ಲು ಕಟ್ಟುತ್ತಾರೆ, ನೀರನ್ನು ಸೀಳಲು. ತಳ ಕೊರೆಯದ ಹಾಗೆ ಅದೇ ಕಡೆ ಹೆಚ್ಚು ಕಲ್ಲು ಹಾಸುತ್ತಾರೆ. ಇಲ್ಲಿ ನೀರು ಎರಡೂ ಕಡೆಯಿಂದ ಬರುತ್ತದೆ, ಮೂಗು ಎರಡೂ ಕಡೆ ಇರಲಿ, ಕಲ್ಲುಹಾಸೂ ಎರಡೂ ಕಡೆ ಇರಲಿ ಎಂದೆ. ಸಾಹೇಬರು ಮರುಮಾತಾಡದೆ ಒಪ್ಪಿದರು.

ಮಂಜೂರಾತಿ ಬಂದು, ಬೇಸಿಗೆಗಳನ್ನು ಹಿಡಿದು ಕೆಲಸ ನಡೆದು ಸೇತುವೆ ಎದ್ದಿತು. ಗೌಡತಿಯ ಮಗಳಿಗೆ ಎರಡನೆಯ ಮಗು ಬೇಸಿಗೆಯಲ್ಲೇ ಆಗಿ ಬಾಣಂತನ ತವರಿನಲ್ಲಿ ಸುಖವಾಗಿ ನಡೆದಿತ್ತು. ಸೇತುವೆ ಬಿಟ್ಟುಕೊಟ್ಟ ಮೊದಲ ಮಳೆಗಾಲದಲ್ಲಿ ವರದೆ ಏರಿದ ಸುದ್ದಿ ಕೇಳಿ, ನೀರು ಕಂಬದ ಬಳಿ ಹೇಗೆ ತಿರುಗುತ್ತದೆಂದು ನೋಡಲು ಹೋದೆ. ವರದೆಯ ಕಡೆಯ ಮೂಗುಗಳ ಮುಂದೆ ನೊರೆ ಇಬ್ಭಾಗವಾಗುವುದನ್ನು ಬಗ್ಗಿ ನೋಡುತ್ತಿದ್ದೆ. ಈಚೆ ದಡದಿಂದ ಒಬ್ಬ ಹೆಂಗಸು ತಲೆಯ ಮೇಲೆ ಗಂಟು ಹೊತ್ತು, ಸೀರೆ ಎತ್ತಿ ಕಟ್ಟಿ, ಸೇತುವೆಯ ಮೇಲೆ ಬಿರಬಿರನೆ ಬರುತ್ತಿದ್ದರು. ಗೌಡತಿ.

"ಅವ್ವಾ, ಆರಾಮೇನ್ರೀ?" ಎಂದು ಎದುರು ನಿಂತೆ. ಒಂದು ಮೆಚ್ಚುಗೆಯ ಮಾತು ಬರಬಹುದೆಂಬ ಆಸೆ ಇತ್ತು, ಇಲ್ಲವೆನ್ನಲಾರೆ.

"ಅಡ್ಡ ನಿಲ್ಲಬ್ಯಾಡ್ರೀ ತಮ್ಮಾ. ಬೆಳಗಿಂದ ಮಗಳಿಗೆ ನೋವು ಶುರುವಾಗೈತಂತೆ" ಎಂದು ನನ್ನನ್ನು ಮೊಳಕೈಯಲ್ಲಿ ಪಕ್ಕಕ್ಕೆ ಸರಿಸಿ, ಕೆಳಗೆ ಏರುತ್ತಿದ್ದ ಹೊಳೆಯ ಕಡೆ ಒಮ್ಮೆಯೂ ನೋಡದೆ ಆಚೆ ದಡಕ್ಕೆ ಇಳಿದು ಹೋದರು.